ಮಂಜನ ಬೋಳು ಗೋಡೆ

ಮಂಜ ಮನೆ ಕಟ್ಟಿಸುತ್ತಾನೆ ಅಂದಾಗ ನಮಗೆಲ್ಲ ಖುಷಿಯೇ ಆಗಿತ್ತು. ಮೊಬೈಲ್ ತೆಗೆದು ಎಲಿವೇಶನ್, ಅಂದರೆ ಮನೆ ಹೊರಗಿಂದ ಹೇಗೆ ಕಾಣುತ್ತೆ ಅನ್ನೋ ಚಿತ್ರ, ತೋರಿಸಿದ ಮೇಲೆ ಸ್ವಲ್ಪ ಇಳಿಯಿತು. ಬಣ್ಣ ಇಲ್ಲ, ಟೈಲ್ಸ್ ಇಲ್ಲ, ಪ್ಲಾಸ್ಟರೂ ಇಲ್ಲ. ಬರೀ ಬೂದು ಕಾಂಕ್ರೀಟು.

"ಸಾಲ ಇಲ್ಲಿಗೇ ಮುಗೀತೇನಪ್ಪ?" ಅಂದ ಬಸಣ್ಣ. ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ ಇಟ್ಟವನು, ಅವನ ಕಣ್ಣಿಗೆ ಮೊದಲು ಬೀಳುವುದು ದುಡ್ಡೇ.

"ಅಣ್ಣ, ಇದೇ ಫಿನಿಶಿಂಗ್. ಚಂಡೀಗಢದಲ್ಲಿ ಲೆ ಕಾರ್ಬೂಸಿಯೆ ಅನ್ನೋ ದೊಡ್ಡ ಆರ್ಕಿಟೆಕ್ಟ್ ಹಿಂಗೇ ಕಟ್ಟಿರೋದು, ಗೊತ್ತಾ?"

"ಅವನು ಕಟ್ಟಿದ್ದು ಹೈಕೋರ್ಟು ಕಣ್ಲೇ. ನಿಂದು ವಿದ್ಯಾನಗರದಾಗೆ 30-40 ಸೈಟು."

ಗಾಜಿನ ಮನೆ ಹತ್ತಿರ ವಾಕಿಂಗ್ ಹೆಸರಲ್ಲಿ ಸೇರುವ ಗುಂಪು ನಮ್ಮದು. ನಡೆಯುವುದು ಕಮ್ಮಿ, ಖಾರ ಮಂಡಕ್ಕಿ ಜಾಸ್ತಿ. ಆವತ್ತು ಪುಣ್ಯಕ್ಕೆ ಮೇಷ್ಟ್ರೂ ಇದ್ದರು. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಪಾಠ ಹೇಳಿ ರಿಟೈರ್ ಆದವರು. ಮೆಣಸಿನಕಾಯಿ ತುದಿ ಮುರಿದು ಕೇಳಿದರು: "ಪ್ಲಾಸ್ಟರ್ ದುಡ್ಡು ಉಳಿಯತ್ತೆ ಅಂತ ಇದನ್ನ ಆರಿಸಿದ್ಯಾ?"

ಮಂಜ ಮೆಲ್ಲಗೆ ತಲೆ ಆಡಿಸಿದ.

"ಮುಗೀತು ಬಿಡು."

ಆಮೇಲೆ ಶುರುವಾಯಿತು ನೋಡಿ ಪಾಠ. ಮನೆ ಕಟ್ಟಿಸಿದ ಯಾರನ್ನು ಬೇಕಾದರೂ ಕೇಳಿ, ಮೇಸ್ತ್ರಿ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಒಂದೇ: "ಅದು ಪ್ಲಾಸ್ಟರ್‌ನಲ್ಲಿ ಮುಚ್ಕೊಳತ್ತೆ ಸಾರ್." ಕಾಲಮ್ ಅರ್ಧ ಇಂಚು ಓರೆ ಆದರೂ ಮುಚ್ಚಿಕೊಳ್ಳುತ್ತೆ. ಬೀಮ್‌ನಲ್ಲಿ ಜೇನುಗೂಡು ಬಿದ್ದು ಜಲ್ಲಿ ಹಲ್ಲು ಕಿರಿದರೂ ಮುಚ್ಚಿಕೊಳ್ಳುತ್ತೆ. ಮಂಜನ ಮನೆಯಲ್ಲಿ ಮುಚ್ಚಲು ಏನೂ ಇಲ್ಲ. ಸೆಂಟ್ರಿಂಗ್ ಬಿಚ್ಚಿದಾಗ ಏನು ಕಾಣುತ್ತೋ ಅದೇ ಮನೆ. ಪ್ಲೈವುಡ್ ಹೊಸದಿರಬೇಕು, ಅದರ ಸಂದುಗಳೂ ಲೈನಿಗೆ ಬರಬೇಕು. ಸಿಮೆಂಟ್ ಬ್ರ್ಯಾಂಡ್ ಬದಲಾದರೆ ಗೋಡೆ ಬಣ್ಣವೂ ಬದಲಾಗಬಹುದು. ಕಾಂಕ್ರೀಟನ್ನು ಅಲ್ಲಾಡಿಸಿ ಕೂರಿಸುವ ವೈಬ್ರೇಟರ್ ಕಮ್ಮಿ ಹಿಡಿದರೆ ಜೇನುಗೂಡು, ಜಾಸ್ತಿ ಹಿಡಿದರೆ ಜಲ್ಲಿ ಕೆಳಗೆ, ಸಿಮೆಂಟ್ ಹಾಲು ಮೇಲೆ.

"ಅಂದ್ರೆ ಬೆತ್ತಲೆ ಗೋಡೆಗೆ ಬಟ್ಟೆ ಗೋಡೆಗಿಂತ ಖರ್ಚು ಜಾಸ್ತಿ," ಬಸಣ್ಣ ಲೆಕ್ಕ ಮುಗಿಸಿದ.

ಮಂಜನ ಮುಖ ಮಾತ್ರ ಸ್ವಿಚ್ ಪಾಯಿಂಟ್ ವಿಷಯ ಬಂದಾಗ ಪೂರ್ತಿ ಬಾಡಿತು. ಇಟ್ಟಿಗೆ ಗೋಡೆಯಾದರೆ ಆಮೇಲೆ ಕಡಿದು ಪೈಪ್ ಕೂರಿಸಬಹುದು. ಇಲ್ಲಿ ಹಾಗಲ್ಲ, ಕಾಂಕ್ರೀಟ್ ಸುರಿಯುವ ಮೊದಲೇ ಕಂಬಿಗೆ ಪೈಪು, ಬಾಕ್ಸು ಕಟ್ಟಿರಬೇಕು. ಮಿಕ್ಸಿ ಎಲ್ಲಿ, ಟಿವಿ ಎಲ್ಲಿ, ಹಾಸಿಗೆಯ ಯಾವ ಕಡೆ ಯಾರು ಮಲಗುತ್ತಾರೆ, ಎಲ್ಲ ಇವತ್ತೇ ತೀರ್ಮಾನ ಆಗಬೇಕು. ಮಂಜನ ಹೆಂಡತಿ ಮೂರು ತಿಂಗಳಿಗೊಮ್ಮೆ ಹಾಲ್‌ನ ಸೋಫಾ ತಿರುಗಿಸುವವರು.

"ಅವ್ವಂದೂ ಒಂದು ಡಿಮ್ಯಾಂಡ್ ಐತಿ," ಅಂದ ಮಂಜ. "ಸ್ಲ್ಯಾಬ್ ಹಾಕೋವಾಗ್ಲೇ ತೊಟ್ಟಿಲ ಕೊಂಡಿ ಬಿಡ್ಸಬೇಕಂತೆ."

"ನಿನ್ನ ಮಗ ಪಿಯುಸಿ ಅಲ್ವೇನ್ಲೇ?"

"ಅವ್ವಂದು ಮುಂದಾಲೋಚನೆ."

ನಿಜ ಹೇಳಬೇಕೆಂದರೆ, ಇಡೀ ಪ್ಲಾನಿನಲ್ಲಿ ಮಾಡರ್ನ್ ಅನ್ನಿಸಿಕೊಳ್ಳುವ ಯೋಚನೆ ಇದೊಂದೇ. ಮನೆ ಹೇಗೆ ಕಾಣಬೇಕು ಅಂತ ಅಲ್ಲ, ಅಲ್ಲಿ ಯಾರು ಏನು ಮಾಡುತ್ತಾರೆ ಅಂತ ಕೇಳುವುದು. ಹೊಸ ಬಡಾವಣೆಗಳಲ್ಲಿ ನೋಡಿ: ಮುಂದೆ ಗ್ರೀಕ್ ಕಂಬ, ಮಧ್ಯೆ ನೀಲಿ ಗಾಜು, ಮೇಲೆ ಮಂಗಳೂರು ಹೆಂಚಿನ ಟೋಪಿ. ಆ ಕಂಬಗಳು ಏನನ್ನೂ ಹೊತ್ತಿಲ್ಲ. ಅದಕ್ಕೆ ಹೋಲಿಸಿದರೆ ಮಂಜನ ಡಬ್ಬಿಗೇ ನನ್ನ ಓಟು. ಬಸಣ್ಣನ ಮುಂದೆ ಹೇಳಲಿಲ್ಲ, ಅವನ ಮನೆಗೆ ಅಂಥ ಕಂಬ ನಾಲ್ಕಿವೆ.

"ಏಪ್ರಿಲ್‌ನಾಗೆ ಏನ್ಮಾಡ್ತೀಯಪ್ಪ?" ಮೇಷ್ಟ್ರು ಬಿಡಲಿಲ್ಲ. "ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿ, ನೀನು ಮಲಗೋ ಹೊತ್ತಿಗೆ ಒಳಗೆ ಬಿಡತ್ತೆ. ನಿಮ್ಮ ಜಗಳೂರಿನ ಮಾಳಿಗೆ ಮನೆ ನೆನಪೈತಾ? ಜಂತಿ ಮೇಲೆ ಮಣ್ಣು, ಮಳೆಗಾಲಕ್ಕೆ ಮುಂಚೆ ನೀರು ಇಳಿಯದಂಗೆ ಮೇಲೆ ಕರಲು ಮಣ್ಣು. ಒಳಗೆ ತಂಪು."

ಪರಿಹಾರವನ್ನೂ ಅವರೇ ಕೊಟ್ಟರು. ಪಡುವಣ ಗೋಡೆಗೆ ಮಲಗುವ ಕೋಣೆ ಬೇಡ, ಮೆಟ್ಟಿಲು, ಬಚ್ಚಲು ತಳ್ಳು. ಸಜ್ಜೆ ಆಳವಾಗಿರಲಿ. ಸಜ್ಜೆಯ ಕೆಳ ಅಂಚಿನಲ್ಲಿ ಒಂದು ಗೀರು ಬಿಡಿಸು, ನೀರು ಅಲ್ಲೇ ತೊಟ್ಟಿಕ್ಕತ್ತೆ. ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಗೋಡೆ ತುಂಬ ಕರಿ ಪಟ್ಟೆ.

"ನೀರಂತೂ ಚೆನ್ನಾಗಿ ಕುಡಿಸಬೇಕು. ಸಿಮೆಂಟು ಒಣಗಿ ಗಟ್ಟಿ ಆಗಲ್ಲ, ನೀರಿನ ಜೊತೆ ಸೇರಿ ಗಟ್ಟಿ ಆಗೋದು. ನಮ್ಮ ಬಿಸಿಲಿಗೆ, ಈಗಿನ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ 14 ದಿನ ಆದ್ರೂ ಬೇಕು. ಸ್ಲ್ಯಾಬ್ ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಬಹುದು. ಗೋಡೆಗೆ ಗೋಣಿತಾಟು ಸುತ್ತಿ ನೆನೆಸ್ತಾ ಇರು."

"ನಲ್ಲಿ ನೀರು ಬರೋ ದಿನ ನಂಗೇ ಸ್ನಾನಕ್ಕೆ ಸಾಲಲ್ಲ ಸಾರ್."

"ಮೊದಲು ಗೋಡೆಗೆ ಮಾಡಿಸು."

ಬಸಣ್ಣ ಅಷ್ಟರಲ್ಲಿ ಮೊಬೈಲಿನಲ್ಲಿ ಚಪ್ಪಟೆ ತಾರಸಿ ಹಿಡಿದುಕೊಂಡಿದ್ದ. "ಸೋರಲ್ವೇನು ಇದು?"

ಮೇಷ್ಟ್ರು ಕಾಯುತ್ತಿದ್ದುದೇ ಇದಕ್ಕೆ. ಪ್ಯಾರಿಸ್ ಹತ್ತಿರದ ಪ್ವಾಸಿಯಲ್ಲಿ ಅದೇ ಕಾರ್ಬೂಸಿಯೆ ಕಟ್ಟಿದ ಮನೆ ಇದೆ, ವಿಲ್ಲಾ ಸವೋಯ್. 1931ರಲ್ಲಿ ಮುಗಿಯಿತು. ಕಂಬದ ಮೇಲೆ ನಿಂತ ಬಿಳಿ ಪೆಟ್ಟಿಗೆ, ಉದ್ದುದ್ದ ಕಿಟಕಿ, ಮೇಲೆ ತೋಟ. ಮನೆಯಾಕೆ 1936ರಲ್ಲಿ ಅವನಿಗೆ ಪತ್ರ ಬರೆದರು: ಹಜಾರದಲ್ಲಿ ಮಳೆ, ಇಳಿಜಾರು ದಾರಿಯಲ್ಲಿ ಮಳೆ, ಗ್ಯಾರೇಜ್ ಗೋಡೆ ಪೂರ್ತಿ ತೊಯ್ದಿದೆ.

"ಆಮೇಲೆ?"

"2016ರಲ್ಲಿ ಯುನೆಸ್ಕೋ ಪಟ್ಟಿ ಸೇರ್ತು. ನಿಮ್ಮ ಚಂಡೀಗಢದ ಆ ಹೈಕೋರ್ಟು ಇರೋ ಕ್ಯಾಪಿಟಲ್ ಕಾಂಪ್ಲೆಕ್ಸೂ ಆವಾಗ್ಲೇ."

"ಕೇಳಿದ್ಯಾ ಮಂಜ? 80 ವರ್ಷ ಬಕೆಟ್ ಇಟ್ಕೊಂಡು ಕಾಯಿ, ಸರ್ಟಿಫಿಕೇಟ್ ಬರತ್ತೆ."

ಮಂಜ ಜಗ್ಗಲಿಲ್ಲ. ತಾರಸಿಗೆ ಇಳಿಜಾರು ಸರಿಯಾಗಿ ಕೊಡ್ತೀನಿ, ವಾಟರ್‌ಪ್ರೂಫಿಂಗ್ ನಾನೇ ನಿಂತು ಮಾಡಿಸ್ತೀನಿ ಅಂದ. ಕೊನೆಗೆ ಮೇಷ್ಟ್ರು ಒಂದು ಷರತ್ತಿಗೆ ಒಪ್ಪಿಸಿದರು. ಮನೆಗೆ ಕೈ ಹಾಕುವ ಮೊದಲು ಕಾಂಪೌಂಡಿನ ಆರು ಅಡಿ ಗೋಡೆಯನ್ನು ಅದೇ ಪ್ಲೈವುಡ್, ಅದೇ ಮೇಸ್ತ್ರಿ, ಅದೇ ಸಿಮೆಂಟಿನಲ್ಲಿ ಹಾಕಿಸಿ ನೋಡಬೇಕು. ಸರಿಬಂದರೆ ಬೋಳು ಗೋಡೆ, ಇಲ್ಲದಿದ್ದರೆ ಎಲ್ಲರಂತೆ ಪ್ಲಾಸ್ಟರ್.

"ರೋಡ್ ಕಡೆ ಮಾತ್ರ ಹಾಕಿಸ್ಬೇಡ," ಬಸಣ್ಣ ಎಚ್ಚರಿಸಿದ. "ಅಷ್ಟು ನುಣುಪಾದ ಗೋಡೆ ಕಂಡ್ರೆ ಬೆಳಗಾಗೋದ್ರೊಳಗೆ ನೀಟ್ ಕೋಚಿಂಗ್ ಪೋಸ್ಟರ್ ಅಂಟಿಸಿರ್ತಾರೆ."

ಮಂಜ ಆರ್ಕಿಟೆಕ್ಟ್‌ಗೆ ಆಗಲೇ ಫೋನ್ ಹಚ್ಚಿದ್ದ. "ಸಾರ್, ಸ್ಯಾಂಪಲ್ ಗೋಡೆ ಹಿತ್ತಲ ಕಡೆ ಹಾಕೋಣ. ಹಾಂ, ಮತ್ತೆ ಆ ತೊಟ್ಟಿಲ ಕೊಂಡಿ ಡ್ರಾಯಿಂಗ್‌ನಲ್ಲಿ ಬಂತಾ?"