ನಾವಿ ಭಾಷೆ ಕಲಿಯುವವರು ಹೊಸ ಪದಗಳನ್ನು ತಾವೇ ಕಟ್ಟಬಹುದೇ?

ಪ್ರಶ್ನೆ

ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್’ ಚಿತ್ರಕ್ಕಾಗಿ ಭಾಷಾವಿಜ್ಞಾನಿ ಪೌಲ್ ಫ್ರಾಮರ್ ಅವರು ರೂಪಿಸಿದ ನಾವಿ ಭಾಷೆಯನ್ನು ನಾವು ಮೂವರು ಗೆಳೆಯರು ಕೂಡಿ ಕಲಿಯುತ್ತಿದ್ದೇವೆ. ಚಿತ್ರದ ಸಂಭಾಷಣೆಗಳನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಮಟ್ಟಿಗೆ ಬಂದಿದ್ದೇವೆ. ಆದರೆ ನಮ್ಮ ದಿನಚರಿಯನ್ನು ಆ ಭಾಷೆಯಲ್ಲಿ ಬರೆಯಹೊರಟರೆ ಬಸ್ಸು, ಬಾಡಿಗೆ, ಹಾಜರಿ ಮುಂತಾದ ಮಾತುಗಳ ಬಳಿ ಬಂದು ನಿಲ್ಲುತ್ತೇವೆ. ಇಂಥ ಕಡೆ ನಮಗೆ ತೋಚಿದ ಪದಗಳನ್ನು ಕಟ್ಟಿಕೊಂಡು ಮುಂದುವರಿಯುವುದು ಸರಿಯೇ? ಇನ್ನೊಂದು ತೊಡಕೆಂದರೆ, ಕ್ರಿಯಾಪದದ ನಡುವೆ ಪ್ರತ್ಯಯವನ್ನು ಸೇರಿಸುವ ಕ್ರಮ ಎಷ್ಟು ಓದಿದರೂ ಕೈಹತ್ತುತ್ತಿಲ್ಲ. ಕನ್ನಡದವರಿಗೆ ಇದನ್ನು ರೂಢಿಸಿಕೊಳ್ಳುವ ದಾರಿ ಯಾವುದು?

ಉತ್ತರ 1

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಧಾತುವಿನ ಹಿಂದೆ ಸಾಲಾಗಿ ನಿಲ್ಲುವುದರಿಂದ ನಮ್ಮ ಕಣ್ಣು ಪದದ ಕೊನೆಯನ್ನೇ ಹುಡುಕುತ್ತದೆ. ನಾವಿಯಲ್ಲಿ ಧಾತುವೇ ಸೀಳಿಕೊಂಡು ಪ್ರತ್ಯಯಕ್ಕೆ ಜಾಗ ಕೊಡುತ್ತದೆ. ‘ತರೊನ್’ ಎಂದರೆ ಬೇಟೆಯಾಡು. ಅದರೊಳಗೆ ‘ಅಮ್’ ಸೇರಿದರೆ ‘ತಮರೊನ್’ ಎಂದು ಭೂತಕಾಲ, ‘ಅಯ್’ ಸೇರಿದರೆ ‘ತಯರೊನ್’ ಎಂದು ಭವಿಷ್ಯತ್ಕಾಲ, ‘ಎರ್’ ಸೇರಿದರೆ ‘ತೆರರೊನ್’ ಎಂದು ನಡೆಯುತ್ತಿರುವ ಕ್ರಿಯೆ, ‘ಒಲ್’ ಸೇರಿದರೆ ‘ತೊಲರೊನ್’ ಎಂದು ಮುಗಿದ ಕ್ರಿಯೆ. ಇವೆಲ್ಲವೂ ಕೊನೆಯಿಂದ ಎರಡನೆಯ ಸ್ವರಕ್ಕೆ ಮುಂಚೆ ಕೂರುತ್ತವೆ. ಆಡುವವರ ಮನೋಭಾವವನ್ನು ಸೂಚಿಸುವ ಪ್ರತ್ಯಯಗಳು ಮಾತ್ರ ಕೊನೆಯ ಸ್ವರದ ಮುಂಚೆ ಬರುತ್ತವೆ. ಚಿತ್ರದ ಹೆಸರಾಂತ ವಾಕ್ಯ ‘ಒಎಲ್ ಙತಿ ಕಮೆಇಎ’ಯಲ್ಲಿ (ನಾನು ನಿನ್ನನ್ನು ಕಾಣುತ್ತೇನೆ) ‘ಕಮೆ’, ಅಂದರೆ ಕಾಣು, ಎಂಬ ಧಾತುವಿನೊಳಗಿರುವ ‘ಎಇ’ ಸಂತೋಷವನ್ನು ತಿಳಿಸುವಂಥದ್ದು.

ಆದ್ದರಿಂದ ಧಾತುವನ್ನು ಇಡಿಯಾಗಿ ಬಾಯಿಪಾಠ ಮಾಡಬೇಡಿ. ನಿಘಂಟುಗಳಲ್ಲಿ ಧಾತುವಿನೊಳಗೆ ಚುಕ್ಕೆಯಿಟ್ಟು ಈ ಎರಡು ಸ್ಥಾನಗಳನ್ನು ತೋರಿಸಿರುತ್ತಾರೆ. ಆ ಚುಕ್ಕೆಗಳ ಸಮೇತವೇ ಬರೆದುಕೊಂಡು, ಬಿಟ್ಟು ಬಿಟ್ಟು ಓದಿ ಅಭ್ಯಾಸ ಮಾಡಿ. ವಿಭಕ್ತಿಯಂತೂ ನಿಮಗೆ ಹೊಸದಲ್ಲ. ‘ಒಎ’ ಎಂದರೆ ನಾನು, ‘ಙ’ ಎಂದರೆ ನೀನು. ಸಕರ್ಮಕ ಕ್ರಿಯೆಯ ಕರ್ತೃವಿಗೆ ‘ಲ್’, ಕರ್ಮಕ್ಕೆ ‘ತಿ’ ಹತ್ತುತ್ತದೆ. ‘ಒಎ ತುಲ್’, ಅಂದರೆ ನಾನು ಓಡುತ್ತೇನೆ ಎಂಬಂಥ ಅಕರ್ಮಕ ವಾಕ್ಯದಲ್ಲಿ ಕರ್ತೃವಿಗೆ ಯಾವ ಗುರುತೂ ಇರುವುದಿಲ್ಲ. ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡದಿರುವುದು ಈ ಗುರುತುಗಳ ಬಲದಿಂದಲೇ.

ಉತ್ತರ 2

ಪದ ಕಟ್ಟುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಧಾತುಗಳನ್ನು ಹೊಸದಾಗಿ ಸೃಷ್ಟಿಸಬೇಡಿ. 2009ರ ಡಿಸೆಂಬರಿನಲ್ಲಿ ಚಿತ್ರ ಬಿಡುಗಡೆಯಾದಾಗ ಈ ಭಾಷೆಯಲ್ಲಿ ಸುಮಾರು ಒಂದು ಸಾವಿರ ಪದಗಳಷ್ಟೇ ಇದ್ದವು. ಅದೇ ತಿಂಗಳು ಫ್ರಾಮರ್ ಅವರು ಭಾಷಾವಿಜ್ಞಾನಿಗಳ ಒಂದು ಬ್ಲಾಗಿನಲ್ಲಿ ವ್ಯಾಕರಣದ ರೂಪುರೇಷೆಯನ್ನು ಪ್ರಕಟಿಸಿದರು. 2010ರಿಂದ ‘ನಾವಿತೆರಿ’ ಎಂಬ ತಮ್ಮದೇ ಬ್ಲಾಗಿನಲ್ಲಿ ಹೊಸ ಪದಗಳನ್ನೂ ಬಳಕೆಯ ನಿಯಮಗಳನ್ನೂ ಕೊಡುತ್ತ ಬಂದಿದ್ದಾರೆ. ಕಲಿಯುವವರು ಬೇಕಾದ ಪದಗಳನ್ನು ಸೂಚಿಸುತ್ತಾರೆ, ಅವರು ಒಪ್ಪಿದ್ದು ಬಳಕೆಗೆ ಬರುತ್ತದೆ. ಈ ಕಟ್ಟುಪಾಡನ್ನು ಅಭಿಮಾನಿಗಳು ತಾವಾಗಿಯೇ ಪಾಲಿಸಿಕೊಂಡು ಬಂದಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಕನ್ನಡದಲ್ಲಾದರೆ ಒಂದು ಪದ ಸರಿಯೋ ತಪ್ಪೋ ಎಂಬುದನ್ನು ಆಡುವ ಊರುಗಳು ತೀರ್ಮಾನಿಸುತ್ತವೆ. ನಾವಿಗೆ ಹುಟ್ಟಿನಿಂದ ಆಡುವವರೇ ಇಲ್ಲ. ಬೆಂಗಳೂರಿನ ಮೂವರು ಒಂದು ಪದವನ್ನೂ ಬರ್ಲಿನ್ನಿನ ಮೂವರು ಇನ್ನೊಂದನ್ನೂ ಕಟ್ಟಿಕೊಂಡರೆ ಇಬ್ಬರನ್ನೂ ಕೂಡಿಸುವ ಮೂರನೆಯ ನೆಲೆ ಉಳಿಯುವುದಿಲ್ಲ.

ಹಾಗೆಂದು ಕೈ ಪೂರ್ತಿ ಕಟ್ಟಿಹಾಕಿಲ್ಲ. ಕ್ರಿಯಾಪದಕ್ಕೆ ‘ಯು’ ಹಚ್ಚಿ ಕೆಲಸ ಮಾಡುವವರನ್ನು ಸೂಚಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ‘ತರೊನ್‌ಯು’ ಎಂದರೆ ಬೇಟೆಗಾರ. ಎರವಲಿಗೂ ಮಾದರಿಯಿದೆ. ಇಂಗ್ಲಿಷಿನ ‘ಗನ್‌ಶಿಪ್’ (ಗುಂಡು ಹಾರಿಸುವ ಯುದ್ಧವಿಮಾನ) ಈ ಭಾಷೆಗೆ ‘ಕುನ್‌ಸಿಪ್’ ಆಗಿ ಬಂದಿದೆ, ಏಕೆಂದರೆ ಚಿತ್ರದಲ್ಲಿ ಈ ಭಾಷೆಯಾಡುವ ನಾವಿ ಜನರಲ್ಲಿ ಕಾಡಿನವರ ಉಚ್ಚಾರಣೆಯಲ್ಲಿ ‘ಗ’ ಮತ್ತು ‘ಶ’ ಧ್ವನಿಗಳಿಲ್ಲ. ಆದ್ದರಿಂದ ಬಸ್ಸು, ಬಾಡಿಗೆ ಬಂದಲ್ಲಿ ಇರುವ ಪದಗಳಿಂದಲೇ ಸುತ್ತಿ ಹೇಳಿ. ಅದೂ ಆಗದಿದ್ದರೆ ಮೂಲ ಪದವನ್ನೇ ಎರವಲೆಂದು ಗುರುತು ಮಾಡಿ ಬಳಸಿ. ಸುತ್ತಿ ಹೇಳುವ ಶ್ರಮದಲ್ಲಿಯೇ ವ್ಯಾಕರಣ ಗಟ್ಟಿಯಾಗುತ್ತದೆ.

ಉತ್ತರ 3

ಮೇಲಿನ ಉತ್ತರಗಳಿಗೆ ಕೆಲವು ಸೇರ್ಪಡೆಗಳು. ನಾನು ಮನೆಯಲ್ಲಿ ತುಳು ಆಡುವವನು. ನಾವಿಯಲ್ಲಿ ‘ನಾವು’ ಎನ್ನುವಾಗ ಕೇಳುವವರನ್ನು ಸೇರಿಸಿಕೊಂಡಿದ್ದೇವೆಯೇ ಇಲ್ಲವೇ ಎಂಬುದನ್ನು ಸರ್ವನಾಮವೇ ಹೇಳಬೇಕು: ‘ಒಎಙ್’ ಎಂದರೆ ನಾನೂ ನೀನೂ, ‘ಮೊಎ’ ಎಂದರೆ ನಿನ್ನನ್ನು ಬಿಟ್ಟು ನಾವಿಬ್ಬರು. ನಮ್ಮ ‘ನಮ’ ಮತ್ತು ‘ಎಂಕುಲು’ ಇರುವುದೂ ಇದೇ ಭೇದದ ಮೇಲೆ. ನಿಮ್ಮ ಗುಂಪಿನಲ್ಲಿ ತುಳುವರು ಯಾರಾದರೂ ಇದ್ದರೆ ಈ ಪಾಠವನ್ನು ಅವರಿಗೇ ವಹಿಸಿ.

‘ತುತೆ’ ಎಂದರೆ ವ್ಯಕ್ತಿ, ‘ಸುತೆ’ ಎಂದರೆ ಜನ. ಬಹುವಚನದ ಪೂರ್ವಪ್ರತ್ಯಯ ‘ಅಯ್’ ಬಂದಾಗ ‘ತ’ಕಾರ ‘ಸ’ಕಾರವಾಗುತ್ತದೆ, ಬಳಿಕ ಪ್ರತ್ಯಯವನ್ನು ಬಿಟ್ಟರೂ ನಡೆಯುತ್ತದೆ. ‘ಕ’ ಇದ್ದಲ್ಲಿ ‘ಹ’, ‘ಪ’ ಇದ್ದಲ್ಲಿ ‘ಫ’ (ತುಟಿಗೆ ಹಲ್ಲು ತಾಗಿಸಿ ಆಡುವ ಧ್ವನಿ) ಬರುತ್ತದೆ. ‘ಮಳೆಗಾಲ’, ‘ಬೆಟ್ಟದಾವರೆ’ಗಳ ಆದೇಶ ಸಂಧಿಯನ್ನು ಶಾಲೆಯಲ್ಲಿ ಕಲಿತವರಿಗೆ ಈ ಪಟ್ಟಿ ಒಂದು ಸಂಜೆಯ ಕೆಲಸ.

ಎಚ್ಚರ ಬೇಕಾಗಿರುವುದು ಉಚ್ಚಾರಣೆಯಲ್ಲಿ. ರೋಮನ್ ಲಿಪಿಯಲ್ಲಿ ಪಿ, ಟಿ, ಕೆ ಅಕ್ಷರಗಳ ಪಕ್ಕ ಎಕ್ಸ್ ಬರೆದು ತೋರಿಸುವ ಮೂರು ವ್ಯಂಜನಗಳನ್ನು ನಮ್ಮವರು ಫ, ಥ, ಖ ಎಂದು ಮಹಾಪ್ರಾಣ ಮಾಡಿಬಿಡುತ್ತಾರೆ. ಮಹಾಪ್ರಾಣದಲ್ಲಿ ಎದೆಯ ಉಸಿರು ಹೊಮ್ಮಬೇಕು. ಈ ಮೂರರಲ್ಲಿ ಗಂಟಲನ್ನು ಮುಚ್ಚಿ, ಬಾಯೊಳಗಿನ ಗಾಳಿಯನ್ನಷ್ಟೇ ಒತ್ತಿ ಸಿಡಿಸಬೇಕು. ಉಸಿರು ಬಿಗಿಹಿಡಿದು ಬರಿಯ ‘ಕ್’ ಎಂದು ನೋಡಿ. ಅಂಗೈಯನ್ನು ಬಾಯಿಯ ಮುಂದಿಟ್ಟುಕೊಂಡರೆ, ‘ಖ’ಕಾರದಲ್ಲಿ ತಾಗುವ ಬಿಸಿ ಉಸಿರು ಇಲ್ಲಿ ತಾಗಬಾರದು. ಮೂವರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಇದನ್ನು ಆರಂಭದಲ್ಲಿಯೇ ತಿದ್ದಿಕೊಳ್ಳಿ. ಬಾಯಿಗೆ ಒಮ್ಮೆ ಮಹಾಪ್ರಾಣ ಹತ್ತಿಬಿಟ್ಟರೆ ಆಮೇಲೆ ಬಿಡಿಸುವುದು ಕಷ್ಟ.