ಈ ವಾರದ ಸಮಸ್ಯೆ: ಅರಿಶಿನವೆ ಕುಂಕುಮವನೊರಸಿತಲ್ಲಾ

ಗೆಳೆಯರೇ, ಈ ಸಲದ ಸಾಲು ಇದು. ಇದೇ ಕೊನೆಯ ಸಾಲಾಗುವಂತೆ ಮೇಲಿನ ಮೂರು ಸಾಲು ನೀವು ಬರೆಯಬೇಕು, ಅದೇ ಪೂರಣ:

ಅರಿಶಿನವೆ ಕುಂಕುಮವನೊರಸಿತಲ್ಲಾ

ಐದು ಮಾತ್ರೆಯ ನಡೆಯ ಚೌಪದಿ, ಅಂದರೆ ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಪದ್ಯ. ಒಂದು ಮತ್ತು ಮೂರನೇ ಸಾಲಿಗೆ ನಾಲ್ಕು ಗಣ. ಎರಡು ಮತ್ತು ನಾಲ್ಕಕ್ಕೆ ಮೂರು ಗಣ, ಕೊನೆಗೊಂದು ಗುರು. ಆದಿಪ್ರಾಸ ಬೇಕೇ ಬೇಕು. ಎಲ್ಲ ಸಾಲಿನಲ್ಲೂ ಎರಡನೇ ಅಕ್ಷರ ರಕಾರ, ಅದರ ಹಿಂದಿನದು ಲಘು.

ತೊಡಕು ಎಲ್ಲಿದೆ ಅಂತ ನಿಮಗೆ ಗೊತ್ತಾಗಿರುತ್ತದೆ. ನಮ್ಮಲ್ಲಿ ಅರಿಶಿನ ಕುಂಕುಮ ಒಂದೇ ತಟ್ಟೆಯಲ್ಲಿ ಇರುವಂಥವು. ಒಂದನ್ನು ಕೊಟ್ಟು ಇನ್ನೊಂದನ್ನು ಬಿಡುವುದಿಲ್ಲ. ಹಾಗಿರುವಾಗ ಒಂದು ಇನ್ನೊಂದನ್ನು ಒರಸುವುದು ಹೇಗೆ?

ದಾರಿಯನ್ನೂ ನಾನೇ ಹೇಳಿಬಿಡುತ್ತೇನೆ. ಹಲ್ದೀಘಾಟಿ. ರಾಜಸ್ಥಾನದ ಉದಯಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಕಣಿವೆ. ಹಲ್ದಿ ಎಂದರೆ ಅರಿಶಿನ. ಮಣ್ಣು ಅರಿಶಿನದ ಬಣ್ಣ, ಅದಕ್ಕೇ ಆ ಹೆಸರು. 1576ರ ಜೂನ್ ತಿಂಗಳಲ್ಲಿ ಅಲ್ಲಿ ಮೇವಾಡದ ಮಹಾರಾಣಾ ಪ್ರತಾಪನೂ ಅಕ್ಬರನ ಸೇನೆಯೂ ಎದುರಾದವು. ಖಮನೋರಿನ ಹತ್ತಿರ ಜಾಸ್ತಿ ರಕ್ತ ಹರಿದ ಬಯಲಿಗೆ ಇವತ್ತಿಗೂ ರಕ್ತ ತಲಾಯಿ ಎಂದೇ ಹೆಸರು. ತಲಾಯಿ ಎಂದರೆ ಕೆರೆ.

ಒಂದೇ ಕೋರಿಕೆ. ಸುಮ್ನೆ ಕತ್ತಿ, ಗುರಾಣಿ, ಗರ್ಜನೆ ಅಂತ ತುಂಬಬೇಡಿ. ಆ ಕಣಿವೆಯ ಶೌರ್ಯದ ಹಾಡುಗಳು ಬೇಕಾದಷ್ಟಿವೆ. ಈ ಸಾಲು ಕೇಳುತ್ತಿರುವುದು ಬೇರೆ.

ಪೂರಣ 1

ಅರವಲ್ಲಿ ಕಣಿವೆಯಲಿ ಹಳದಿ ಮಣ್ಣಿನ ದಾರಿ
ಸರದಾರರನು ನುಂಗಿ ನಿಂತ ದಿನವೇ
ಮರಳದಿಹ ಗಂಡನಿಗೆ ಕಾದವಳ ಹಣೆಯಿಂದ
ಅರಿಶಿನವೆ ಕುಂಕುಮವನೊರಸಿತಲ್ಲಾ

ಸಮಸ್ಯೆ ಕೊಟ್ಟವರು

ಗಂಟು ನೇರವಾಗಿ ಬಿಚ್ಚಿತು. ನುಂಗಿದ್ದು ಶತ್ರುವಲ್ಲ, ದಾರಿ. ಆ ಮಾತು ನನಗೆ ತುಂಬ ಹಿಡಿಸಿತು. ನಿಮ್ಮ ಎರಡನೇ ಸಾಲು ಓದಿದಾಗ ಗ್ವಾಲಿಯರಿನ ರಾಮಶಾಹ ತಂವರ ನೆನಪಾದ. ತನ್ನ ರಾಜ್ಯ ಕಳೆದುಕೊಂಡು ಮೇವಾಡದ ಆಸರೆಗೆ ಬಂದಿದ್ದವನು. ಆ ದಿನ ಅವನೂ ಬಿದ್ದ, ಮೂವರು ಗಂಡುಮಕ್ಕಳೂ ಬಿದ್ದರು. ಒಂದೇ ಮನೆಯಲ್ಲಿ ಎಷ್ಟು ಹಣೆ ಬರಿದಾಗಿರಬೇಕು! ರಕ್ತ ತಲಾಯಿಯಲ್ಲಿ ಆ ಮನೆಯವರ ನೆನಪಿಗೆ ಕಲ್ಲಿನ ಛತ್ರಿಗಳು, ಅಂದರೆ ಸ್ಮಾರಕ ಮಂಟಪಗಳು, ಇವೆ. ಆ ಹೆಣ್ಣುಮಕ್ಕಳ ಹೆಸರು ಅಲ್ಲಿಲ್ಲ.

ಪೂರಣ 2

ಇರಿದವನು ರಜಪೂತ ಬಿದ್ದವನು ರಜಪೂತ
ಎರಡು ಕಡೆಯಲ್ಲೊಂದೆ ಕುಲದ ನಂಟೇ
ಇರುಳಾಯ್ತು ಮೇವಾಡಕಾಮೇರಕೂ ಕೂಡ
ಅರಿಶಿನವೆ ಕುಂಕುಮವನೊರಸಿತಲ್ಲಾ

ಒಂದು ಮಾತು ಸೇರಿಸಬೇಕು. ಮೊಘಲ್ ಸೇನೆಯ ಮುಂದಾಳು ಆಮೇರದ (ಈಗಿನ ಜೈಪುರದ ಹತ್ತಿರ) ಮಾನಸಿಂಹ, ಕಛವಾಹ ರಜಪೂತ. ಪ್ರತಾಪನ ಮುಂಚೂಣಿಯಲ್ಲಿ ನಿಂತು ಪ್ರಾಣ ಕೊಟ್ಟವನು ಹಕೀಮ್ ಖಾನ್ ಸೂರ್, ಅಫ್ಘಾನ. ಬೆಟ್ಟದ ದಾರಿ ಬಲ್ಲ ಭಿಲ್ಲರು ರಾಣಾ ಪೂಂಜಾನ ಜೊತೆ ಪ್ರತಾಪನ ಕಡೆ ಇದ್ದರು. ಎರಡು ಧರ್ಮಗಳ ಯುದ್ಧ ಅಂತ ಹೇಳಿ ಮುಗಿಸಿದರೆ ಇವರೆಲ್ಲ ಎಲ್ಲಿ ಹೋಗಬೇಕು?

ಸಮಸ್ಯೆ ಕೊಟ್ಟವರು

ಮೊದಲ ಸಾಲಿನಲ್ಲಿ ಒಂದು ಅಕ್ಷರವನ್ನೂ ಆಚೀಚೆ ಮಾಡುವಂತಿಲ್ಲ. ಮೇವಾಡಕೆ, ಆಮೇರಕೂ ಎರಡನ್ನೂ ಸಂಧಿ ಮಾಡಿ ಒಂದೇ ಉಸಿರಲ್ಲಿ ತಂದಿದ್ದೀರಿ. ಕತ್ತಿ ಕತ್ತಿ ಕೂಡಿದ ಹಾಗೆ ಪದ ಪದ ಕೂಡಿದೆ.

ನಿಮ್ಮ ಮಾತಿಗೆ ಸಾಕ್ಷಿ ಆ ದಿನದ್ದೇ ಇದೆ. ಅಕ್ಬರನ ಆಸ್ಥಾನದ ಬದಾಯೂನಿ ಆ ಯುದ್ಧದಲ್ಲಿ ಸ್ವತಃ ಇದ್ದ, ಕಂಡಿದ್ದನ್ನು ಬರೆದಿಟ್ಟ. ನಮ್ಮ ರಜಪೂತರು ಯಾರು, ಅವರ ರಜಪೂತರು ಯಾರು, ಗುರುತು ಹಿಡಿಯುವುದು ಹೇಗೆ ಎಂದು ಅವನು ಮೊಘಲ್ ಸೇನಾನಿ ಆಸಫ್ ಖಾನನನ್ನು ಕೇಳಿದನಂತೆ. ಬಾಣ ಬಿಡು, ಯಾವ ಕಡೆಯವರು ಬಿದ್ದರೂ ನಮಗೆ ಲಾಭವೇ, ಎನ್ನುವಂಥ ಉತ್ತರ ಬಂತು. ಇದನ್ನು ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ಒಂದು ಆಕ್ಷೇಪ

ಪದ್ಯಗಳು ಚೆನ್ನಾಗಿವೆ. ಆದರೂ ಕೇಳಲೇಬೇಕು. ಅರಿಶಿನ ಕುಂಕುಮ ನಮ್ಮ ಮುತ್ತೈದೆಯ ಗುರುತು. ರಜಪೂತ ಹೆಣ್ಣಿನ ಗುರುತು ಬೈತಲೆಯ ಸಿಂಧೂರ, ಕೈತುಂಬ ಚೂಡಾ ಬಳೆ, ಹಣೆಯ ಮೇಲೆ ಬೋರಲಾ ಎಂಬ ಒಡವೆ. ನಮ್ಮ ತಟ್ಟೆಯನ್ನು ಅವರ ಮನೆಗೆ ಒಯ್ಯುವುದು ಸರಿಯೇ?

ಸಮಸ್ಯೆ ಕೊಟ್ಟವರು

ಸರಿಯಾದ ಪ್ರಶ್ನೆ. ಅವರ ದುಃಖವನ್ನು ನಾವು ಅವರ ಭಾಷೆಯಲ್ಲಿ ಹೇಳಲಾರೆವು. ನಮ್ಮ ಮನೆಯ ಮಾತಲ್ಲಿ ಹೇಳಿದರೆ ಮಾತ್ರ ನಮಗೆ ಅದು ತಟ್ಟುತ್ತದೆ, ಅಲ್ವಾ? ಹಾಗಂತ ಪದ್ಯದೊಳಗೆ ಅವರ ಉಡುಗೆ ತೊಡುಗೆ ತಪ್ಪಾಗಬಾರದು. ಚೂಡಾ ಒಡೆಯುವುದನ್ನು ಮೂರನೇ ಸಾಲಿಗೆ ಯಾರಾದರೂ ತಂದರೆ ನನಗೆ ಸಂತೋಷ.

ಇನ್ನೊಂದು ಹೇಳಬೇಕು. ಪದ್ಯಕ್ಕೆ ಪದ್ಯದಲ್ಲೇ ಉತ್ತರ ಕೊಡುವುದು ಆ ನೆಲಕ್ಕೆ ಹೊಸತೇನಲ್ಲ. ಬೀಕಾನೇರದ ಪೃಥ್ವೀರಾಜ ರಾಠೋಡ ಅಕ್ಬರನ ಆಸ್ಥಾನದಲ್ಲಿದ್ದ ಕವಿ. ಪ್ರತಾಪ ಶರಣಾಗುತ್ತಾನೆ ಎಂಬ ಸುದ್ದಿ ಬಂದಾಗ ಅವನು ನಂಬಲಿಲ್ಲ. ಎರಡೆರಡು ಸಾಲಿನ ದೋಹೆಗಳಲ್ಲೇ ಕಾಗದ ಬರೆದು ಕೇಳಿದ: ನಾನು ಮೀಸೆ ತಿರುವಲೋ, ಇಲ್ಲ ನನ್ನ ಕತ್ತಿಗೆ ನಾನೇ ಕೊರಳು ಕೊಡಲೋ, ಎರಡರಲ್ಲಿ ಒಂದು ಹೇಳು. ಮೀಸೆ ತಿರುವು ಎಂದು ಪ್ರತಾಪನೂ ದೋಹೆಯಲ್ಲೇ ಬರೆದ. ರಾಜಸ್ಥಾನದಲ್ಲಿ ಪೀಥಲ್ (ಪೃಥ್ವೀರಾಜ) ಮತ್ತು ಪಾಥಲ್ (ಪ್ರತಾಪ) ಎಂದು ಮಕ್ಕಳೂ ಬಲ್ಲ ಕಥೆ ಇದು. ಚರಿತ್ರೆಯಲ್ಲಿ ನಡೆದಿತ್ತೋ ಇಲ್ಲವೋ, ಜನ ಅದನ್ನು ಬಿಟ್ಟುಕೊಟ್ಟಿಲ್ಲ. ಒಬ್ಬ ಕೊಟ್ಟ ಸಮಸ್ಯೆಯನ್ನು ಇನ್ನೊಬ್ಬ ಬದುಕಿ ಪೂರಣ ಮಾಡಿದ ಅಂತಲೇ ನನಗೆ ಅನ್ನಿಸುವುದು.

ಪೂರಣ 3

ದೊರೆಯ ಕೊಡೆ ತಾ ಹಿಡಿದು ಸಾವ ಕರೆದನು ಝಾಲ
ದೊರೆಯುಳಿದ ನಾಡುಳಿದಿತವನಿಂದಲೇ
ಮೆರೆದವನ ಮನೆಯಾಕೆ ಕನ್ನಡಿಯ ನೋಡಿದರೆ
ಅರಿಶಿನವೆ ಕುಂಕುಮವನೊರಸಿತಲ್ಲಾ

ಪ್ರತಾಪನ ಸರದಾರ, ಬಡೀ ಸಾದಡಿಯ ಝಾಲಾ ಮಾನನ ಬಗ್ಗೆ ಬರೆದದ್ದು. ಪ್ರತಾಪನನ್ನು ಸುತ್ತುವರಿದಾಗ ಅವನ ರಾಜಛತ್ರವನ್ನು ತಾನು ಹಿಡಿದು, ನಾನೇ ರಾಣಾ ಎಂಬಂತೆ ನಿಂತನಂತೆ. ಶತ್ರುಗಳು ಅವನ ಮೇಲೆ ಬಿದ್ದರು, ಪ್ರತಾಪ ಪಾರಾದ. ಕನ್ನಡಿ ಬಂದದ್ದು ನಮ್ಮ ಸೋದರತ್ತೆಯಿಂದ. ಮಾವ ಹೋದ ಮೇಲೆ ಅವರು ಕನ್ನಡಿಯ ಮುಂದೆ ನಿಂತದ್ದನ್ನು ನಾನು ನೋಡಲೇ ಇಲ್ಲ. ತಲೆಯನ್ನೂ ಗೋಡೆಗೆ ಮುಖ ಮಾಡಿ ಬಾಚಿಕೊಳ್ಳುತ್ತಿದ್ದರು.

ಸಮಸ್ಯೆ ಕೊಟ್ಟವರು

ಅರ್ಥದಲ್ಲಿ ಮೊದಲ ಪೂರಣದ ದಾರಿಯೇ. ಆದರೆ ಕನ್ನಡಿ ಇಟ್ಟ ಕೂಡಲೇ ಪದ್ಯ ನಿಮ್ಮದಾಯಿತು. ಸೋದರತ್ತೆಯ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ನಡುವೆ ಒಂದು ಪ್ರಶ್ನೆ

ಕೊನೆಗೆ ಗೆದ್ದವರು ಯಾರು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸಮಸ್ಯೆ ಕೊಟ್ಟವರು

ಬಯಲು ಮಾನಸಿಂಹನ ಕೈಯಲ್ಲಿ ಉಳಿಯಿತು. ಪ್ರತಾಪ ಕೈಗೆ ಸಿಗಲಿಲ್ಲ. ಅದಕ್ಕೇ ಅಕ್ಬರ್ ಮಾನಸಿಂಹ, ಆಸಫ್ ಖಾನ್ ಇಬ್ಬರನ್ನೂ ಕೆಲವು ಕಾಲ ದರ್ಬಾರಿಗೆ ಬರಬೇಡಿ ಎಂದ. 1582ರಲ್ಲಿ ಮೊಘಲರೊಡನೆ ದಿವೇರ್ ಕದನ ಆಯಿತು. ಆಮೇಲೆ ಪ್ರತಾಪ ಮೇವಾಡದ ಬಹುಭಾಗ ಮರಳಿ ಪಡೆದ. ಚಿತ್ತೋಡದ ಕೋಟೆ ಮಾತ್ರ ಸಿಗಲಿಲ್ಲ. 1597ರ ಜನವರಿಯಲ್ಲಿ ಚಾವಂಡದಲ್ಲಿ ತೀರಿಕೊಂಡ. ಇಷ್ಟು ಸಾಕು, ಪದ್ಯಕ್ಕೆ ಬರೋಣ.

ಪೂರಣ 4

ತುರಗ ಚೇತಕ ಹಳ್ಳ ಹಾರಿ ಕುಸಿದಿರಲಾಗ
ಸುರಿದ ನೆತ್ತರ ಕಂಡು ನೆಲದ ತಾಯೇ
ಕರಗಿ ಗಾಯಕೆ ಹಳದಿ ಮಣ್ಣ ಮೆತ್ತಿದಳೇನೊ
ಅರಿಶಿನವೆ ಕುಂಕುಮವನೊರಸಿತಲ್ಲಾ

ಕೈ ಕುಯ್ದುಕೊಂಡು ಬಂದರೆ ಅಮ್ಮ ಮೊದಲು ಹುಡುಕುತ್ತಿದ್ದದ್ದು ಅರಿಶಿನದ ಡಬ್ಬಿ. ಒಂದು ಚಿಟಿಕೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತಿತ್ತು. ಅದೇ ನೆನಪಾಯಿತು.

ಸಮಸ್ಯೆ ಕೊಟ್ಟವರು

ಇದನ್ನು ನಾನು ಎಣಿಸಿಯೇ ಇರಲಿಲ್ಲ! ಸಮಸ್ಯೆ ಕೊಡುವಾಗ ನನ್ನ ತಲೆಯಲ್ಲಿ ಒರಸುವುದು ಅಂದರೆ ಕಳೆಯುವುದು ಮಾತ್ರ ಇತ್ತು. ನೀವು ಅದನ್ನು ತಾಯಿಯ ಕೈ ಮಾಡಿದಿರಿ. ಮಾನಸಿಂಹನ ಆನೆಯ ಸೊಂಡಿಲಿಗೆ ಕಟ್ಟಿದ್ದ ಕತ್ತಿ ತಗುಲಿ ಪ್ರತಾಪನ ಕುದುರೆ ಚೇತಕನ ಕಾಲು ತುಂಡಾಗಿತ್ತು, ಮೂರೇ ಕಾಲಿನಲ್ಲಿ ಓಡಿ, ಹಳ್ಳ ಹಾರಿ, ಒಡೆಯನನ್ನು ದಾಟಿಸಿ ಬಿತ್ತು ಎನ್ನುತ್ತಾರೆ. ಬಲೀಚಾ ಹತ್ತಿರ ಅದರ ಸಮಾಧಿ ಇದೆ. ಕುದುರೆಗೆ ಮದ್ದು ಹಚ್ಚಿದ ಪದ್ಯವನ್ನು ನಾನು ಇದೇ ಮೊದಲು ಓದಿದ್ದು.

ಹೊಸಬರ ಪ್ರಯತ್ನ

ನನಗಿದು ಮೊದಲ ಪೂರಣ. ತಪ್ಪಿದ್ದರೆ ತಿದ್ದಿ. ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದೆ. ಕಣಿವೆಯ ಸುತ್ತ ಈಗ ಚೈತ್ರಿ ಗುಲಾಬಿ ಬೆಳೆಯುತ್ತಾರೆ. ರಸ್ತೆ ಬದಿಯಲ್ಲಿ ಗುಲಾಬಿ ನೀರು, ಗುಲ್ಕಂದ್ ಮಾರುತ್ತಾರೆ. ಕಡಿದ ಗುಡ್ಡದ ಬದಿಯಿಂದ ಚೂರು ಮಣ್ಣು ಉಜ್ಜಿ ನೋಡಿದೆ. ಬೆರಳಿಗೆ ಅರಿಶಿನದ ಹಾಗೇ ಅಂಟಿತು. ಮೊದಲೆರಡು ಸಾಲು ಹೀಗಿದೆ:

ಕೆಂಪು ಹೂ ತೋಟದಲಿ ರೈತನಜ್ಜಿಯು ಹೇಳ್ವ
ಮರೆಯಲಾಗದ ಕಥೆಗೆ ಕೊನೆಯೆ ಇಲ್ಲಾ

ಸಮಸ್ಯೆ ಕೊಟ್ಟವರು

ಗಣ ಸರಿಯಾಗಿದೆ. ಪ್ರಾಸ ತಪ್ಪಿದೆ. "ಕೆಂಪು" ಎನ್ನುವಲ್ಲಿ ಮೊದಲಕ್ಷರ ಗುರುವಾಯಿತು, ಎರಡನೆಯದು ಪಕಾರವಾಯಿತು. "ಬಿರಿದ ಹೂ" ಎಂದು ಮಾಡಿ. ಮಾತ್ರೆ ಅಷ್ಟೇ ಉಳಿಯುತ್ತದೆ, ರಕಾರವೂ ಬರುತ್ತದೆ. ಕೆಂಪು ಹೇಗೂ ಕೊನೆಯ ಸಾಲಿನಲ್ಲಿ ಇದೆ. ಅದನ್ನು ಮೊದಲೇ ಖರ್ಚು ಮಾಡಬೇಡಿ. ಮೂರನೇ ಸಾಲು ನೀವೇ ಬರೆಯಿರಿ, ನಾನು ಕೈ ಹಾಕುವುದಿಲ್ಲ. ಅಜ್ಜಿ ಇದ್ದ ಮೇಲೆ ಕೇಳುವವರೂ ಇರಬೇಕಲ್ಲ.

ಹೊಸಬರ ಪೂರಣ, ತಿದ್ದಿದ್ದು

ಬಿರಿದ ಹೂ ತೋಟದಲಿ ರೈತನಜ್ಜಿಯು ಹೇಳ್ವ
ಮರೆಯಲಾಗದ ಕಥೆಗೆ ಕೊನೆಯೆ ಇಲ್ಲಾ
ಮರಿಮಗಳು ಕೇಳುವಳು ಹಣೆ ಮುಟ್ಟಿಕೊಂಡೊಮ್ಮೆ
ಅರಿಶಿನವೆ ಕುಂಕುಮವನೊರಸಿತಲ್ಲಾ?