ಸಹಾಯ ಬೇಕು: 44 ಸೆಂ.ಮೀ. ತೋಳಿಗೆ ಸರಿಹೊಂದುವ ಬಿಪಿ ಪಟ್ಟಿ (ಕಫ್)

ನಮಸ್ಕಾರ. ತೋಳಿನ ನಡುಭಾಗದ ಸುತ್ತಳತೆ 44 ಸೆಂ.ಮೀ. ಇರುವವರಿಗೆ ಮನೆಯಲ್ಲೇ ಬಿಪಿ ನೋಡುವ ಯಂತ್ರ ಬೇಕಾಗಿದೆ. ಹಲವು ಯಂತ್ರಗಳ ಜೊತೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗಷ್ಟೇ ಸಾಕಾಗುತ್ತದೆ. ಚಿಕ್ಕ ಪಟ್ಟಿಯನ್ನು ಹೇಗೋ ಎಳೆದು ಸುತ್ತಿದರೆ ರಕ್ತನಾಳ ಅದುಮಲು ಹೆಚ್ಚು ಗಾಳಿಯೊತ್ತಡ ಬೇಕಾಗಿ, ಇಲ್ಲದ ಬಿಪಿಯನ್ನು ಇದೆ ಎಂದು ತೋರಿಸುತ್ತದೆ. ಬೇಡದ ಮಾತ್ರೆ ಶುರುವಾಗುವುದು ಹೀಗೆಯೇ, ಆದ್ದರಿಂದ ಇದರಲ್ಲಿ ರಾಜಿ ಬೇಡ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಆವರಿಸಬೇಕು.

ಇಷ್ಟು ದೊಡ್ಡ ಪಟ್ಟಿ ಇರುವ, ನಿಖರತೆಯ ಪರೀಕ್ಷೆ ಪಾಸಾದ ಮಾದರಿ ಯಾವುದು? ಬೇರೆ ಕಂಪನಿಯ ಪಟ್ಟಿ ಜೋಡಿಸುವ ಸಲಹೆ ದಯವಿಟ್ಟು ಬೇಡ, ಅಳತೆ ತಪ್ಪುತ್ತದೆ.

ಬಳಸುತ್ತಿರುವವರು ಆಸ್ಪತ್ರೆಯ ಅಳತೆಯೊಂದಿಗೆ ಹೋಲಿಸಿದ್ದರೆ ಎರಡೂ ಅಂಕಿ ತಿಳಿಸಿ. ಹೋಲಿಕೆಗೆ ಅರ್ಥ ಬರಬೇಕಾದರೆ ಕಾಫಿ, ಸಿಗರೇಟು ಬಿಟ್ಟು 30 ನಿಮಿಷವಾಗಿರಬೇಕು. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಮನೆಯ ಸರಾಸರಿ 135/85 ದಾಟಿದರೆ ಅದು ಹೆಚ್ಚೇ. 140/90 ಆಸ್ಪತ್ರೆಯ ಅಳತೆಗೆ ಇರುವ ಗಡಿ.

ಹೃದಯ ಬಡಿತ ಏರುಪೇರಾಗುವವರು ಅದನ್ನೂ ಬರೆಯಿರಿ, ಅಂಥವರಲ್ಲಿ ಯಂತ್ರದ ಅಂಕಿ ಪ್ರತಿ ಸಲವೂ ಬದಲಾಗಬಹುದು.